ಎರಡನೇ ಸ್ಕಾರ್ಫ್

“ಇದನ್ನು ಶಾಲೆಗೆ ವಾಪಸ್ ಕೊಡ್ಲಿಕ್ಕುಂಟಲ್ವಾ ಟೀಚರ್?”

ಕೇಳಿದವಳು ನನ್ನ ಗೈಡ್ ದಳದ ಎಂಟನೇ ತರಗತಿಯ ಹುಡುಗಿ. ಕುತ್ತಿಗೆಯಲ್ಲಿದ್ದ ಸ್ಕಾರ್ಫಿನ ಎರಡೂ ತುದಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳೆದುರು ಹೊರದೇಶದಿಂದ ಬಂದ, ಹೆಚ್ಚುಕಡಿಮೆ ಅವಳದ್ದೇ ಪ್ರಾಯದ ಇನ್ನೊಬ್ಬಳು. ಆಕೆ ತನ್ನ ಸ್ಕಾರ್ಫನ್ನು ಆಗಲೇ ಬಿಚ್ಚಿ, ಮಡಚಿ, ಮುಂದೆ ಚಾಚಿ ನಿಂತಿದ್ದಳು. ಸ್ಕೌಟ್, ಗೈಡ್ ಮಕ್ಕಳ ದೊಡ್ಡ ಶಿಬಿರಗಳಾದ ಜಾಂಬೂರಿಗಳಲ್ಲಿ ಸ್ಕಾರ್ಫು, ಬ್ಯಾಜು ಬದಲಾಯಿಸಿಕೊಳ್ಳುವುದು ಹಳೆಯ ವಾಡಿಕೆ. ನನ್ನ ಹುಡುಗಿಗೂ ಅದು ಗೊತ್ತಿತ್ತು, ನಾನೇ ಹೇಳಿಕೊಟ್ಟಿದ್ದೆ. ಆದರೆ ಅವಳ ಕುತ್ತಿಗೆಯಲ್ಲಿದ್ದದ್ದು ದಾನಿಯೊಬ್ಬರು ನಮ್ಮ ಸರಕಾರಿ ಶಾಲೆಗೆ ಕೊಟ್ಟ ಹನ್ನೆರಡು ಸ್ಕಾರ್ಫುಗಳಲ್ಲಿ ಒಂದು. ಸ್ಟಾಕ್ ಬುಕ್ಕಿನಲ್ಲಿ ಅದರ ಲೆಕ್ಕವಿದೆ. ಶಿಬಿರ ಮುಗಿದ ಮೇಲೆ ಒಗೆದು, ಇಸ್ತ್ರಿ ಹಾಕಿ, ಕಪಾಟಿನಲ್ಲಿಡಬೇಕು.

“ಹೌದು, ಕೊಡ್ಲಿಕ್ಕುಂಟು” ಎಂದೆ.

ಹುಡುಗಿ ಆಚೀಚೆ ನೋಡಿದಳು. ಅಲಂಕಾರಕ್ಕೆಂದು ಕಟ್ಟಿದ್ದ ತೆಂಗಿನ ಮಡಲೊಂದು ಪಕ್ಕದಲ್ಲಿ ಜೋತಾಡುತ್ತಿತ್ತು. ಅದರಿಂದ ಒಂದು ಗರಿ ಎಳೆದು, ನಡುವಿನ ಕಡ್ಡಿಯನ್ನು ಸೀಳಿ ತೆಗೆದು, ಎಲೆಯನ್ನು ಓರೆಯಾಗಿ ಸುತ್ತುತ್ತ ಹೋದಳು. ಸುತ್ತು ಸುತ್ತಿಗೂ ಅಗಲವಾಗುತ್ತ ಅದು ಒಂದು ಪೀಪಿಯಾಯಿತು. ಬಿಚ್ಚಿಹೋಗದ ಹಾಗೆ ಅದೇ ಕಡ್ಡಿಯ ತುಂಡನ್ನು ಚುಚ್ಚಿ, ಬಾಯಿಗಿಡುವ ತುದಿಯನ್ನು ಎರಡು ಬೆರಳುಗಳ ನಡುವೆ ಒತ್ತಿ ಚಪ್ಪಟೆ ಮಾಡಿದಳು. ಅವಳ ಅಮ್ಮ ಬೀಡಿ ಕಟ್ಟುವವರು. ಎಲೆ ಸುರುಳಿ ಸುತ್ತಿ ನೂಲು ಬಿಗಿಯುವುದನ್ನು ಗೆರಸೆಯ ಪಕ್ಕದಲ್ಲೇ ಕೂತು ನೋಡಿ ಬೆಳೆದ ಬೆರಳುಗಳು ಅವು. ಇಡೀ ಕೆಲಸಕ್ಕೆ ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ. ಅತಿಥಿ ಹುಡುಗಿ ಎರಡು ಸಲ ಊದಿದಳು, ಬರೀ ಗಾಳಿ ಬಂತು. ಮೂರನೆಯ ಸಲ ಪೀಪಿ ‘ಪೇಂ’ ಎಂದಾಗ ಸುತ್ತ ನಿಂತ ಮಕ್ಕಳೆಲ್ಲ ಕುಣಿದರು. ಆಕೆ ತನ್ನ ಸ್ಕಾರ್ಫನ್ನು ನನ್ನ ಹುಡುಗಿಯ ಹೆಗಲಿಗೆ ಹಾಕಿಯೇಬಿಟ್ಟಳು.

ಬಂಟ್ವಾಳಕ್ಕೆ ಮರಳುವ ಬಸ್ಸಿನಲ್ಲಿ ಹುಡುಗಿ ಆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಏನಾಯಿತೆಂದು ಕೇಳಿದ್ದಕ್ಕೆ, “ಅವಳಿಗೆ ನಾನು ಏನೂ ಕೊಡ್ಲಿಲ್ಲ ಟೀಚರ್” ಎಂದಳು. ಪೀಪಿ ಕೊಟ್ಟೆಯಲ್ಲ ಎಂದೆ. “ಅದು ಒಣಗಿ ಹೋಗ್ತದಲ್ಲ” ಎಂದಳು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಗೈಡ್ ಕ್ಯಾಪ್ಟನ್ ಆಗಿ ವರ್ಷಗಟ್ಟಲೆ ನಾನು ಮಕ್ಕಳಿಗೆ ಹೇಳಿಕೊಟ್ಟ ಧ್ಯೇಯವಾಕ್ಯವೇ ‘ಸಿದ್ಧಳಾಗಿರು’ ಎಂದು. ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ದಿಕ್ಸೂಚಿ, ಡೇರೆ, ಎಲ್ಲಕ್ಕೂ ಸಿದ್ಧ ಮಾಡಿದ್ದೆ. ಕೊಡುವುದಕ್ಕೆ ಮಾತ್ರ ಸಿದ್ಧ ಮಾಡಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ ಇಟ್ಟು, ಆಮೇಲೆ ಯಾವ ಊರು, ಏನು ಬಂದದ್ದು ಎಂದು ಕೇಳುವ ನಾಡು ನಮ್ಮದು. ಆ ನಾಡಿನ ಮಗುವನ್ನು ನಾನು ಬರಿಗೈಯಲ್ಲಿ ಜಾಂಬೂರಿಗೆ ಕರೆದೊಯ್ದಿದ್ದೆ.

ಅದು 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ. ಅದನ್ನು ನಾನು ಒಳಗಿನಿಂದ ಕಂಡವಳು. ಸುಮಾರು 50 ಸಾವಿರ ಮಕ್ಕಳು, ಅವರ ಜೊತೆಗೆ ಬಂದ ಸಾವಿರಾರು ಶಿಕ್ಷಕರು. ಪಿ.ಜಿ.ಆರ್. ಸಿಂಧ್ಯ ಅವರ ಮುಂದಾಳತ್ವದ ರಾಜ್ಯ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ, ಡಾ. ಎಂ. ಮೋಹನ ಆಳ್ವರ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಮತ್ತು ಊರವರು ಕೂಡಿ ಅಷ್ಟು ಜನಕ್ಕೆ ಊಟ, ನೀರು, ನಿದ್ದೆಗೆ ಜಾಗ ಒದಗಿಸಿದರು. ಮೂಡುಬಿದಿರೆಯಂಥ ಊರು ತನಗಿಂತ ದೊಡ್ಡ ಇನ್ನೊಂದು ಊರನ್ನು ಒಂದು ವಾರ ಮಡಿಲಲ್ಲಿಟ್ಟುಕೊಂಡು ಸಾಕಿದ ಹಾಗೆ ಅದು. ಅಡುಗೆಮನೆಯ ಕಡೆ ಹೋದಾಗ ಅನ್ನದ ರಾಶಿಯ ಹಬೆಯ ಹಿಂದೆ ಕೆಲಸ ಮಾಡುತ್ತಿದ್ದವರ ಮುಖವೇ ಕಾಣುತ್ತಿರಲಿಲ್ಲ. ಆ ಸೇವೆಯನ್ನು ನೆನೆದರೆ ಈಗಲೂ ಕೈ ಜೋಡಿಸಬೇಕೆನಿಸುತ್ತದೆ. ನನ್ನ ಮನಸ್ಸು ಕುಟುಕುವುದು ನನ್ನದೇ ಪಾಲಿನ ಕೆಲಸದ ಬಗ್ಗೆ.

‘ಅಂತಾರಾಷ್ಟ್ರೀಯ’ ಎಂಬ ಮಾತು ಈಗ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಎಂಬ ನಮ್ಮ ಮೂರೂ ತಾಲೂಕುಗಳಲ್ಲಿ ಮಾಮೂಲಾಗಿದೆ. ಬೆಳಗ್ಗೆ ಶಾಲೆಗೆ ನಡೆದುಬರುವ ನನ್ನ ಮಕ್ಕಳು, ಹಾಗೆ ಬರೆದುಕೊಂಡ ಖಾಸಗಿ ಶಾಲೆಯ ಹಳದಿ ಬಸ್ಸು ಬಂದಾಗ ರಸ್ತೆಯಿಂದ ಇಳಿದು ಚರಂಡಿಯ ಅಂಚಿನಲ್ಲಿ ನಿಲ್ಲುತ್ತಾರೆ. ಬಸ್ಸಿನೊಳಗಿರುವುದೂ ನಮ್ಮದೇ ಊರಿನ ಮಕ್ಕಳು, ಅವರ ಬಗ್ಗೆ ನನಗೆ ಬೇರೆ ಭಾವವಿಲ್ಲ. ತಂದೆ ತಾಯಿ ಸಾಲಸೋಲ ಮಾಡಿ ಕಳಿಸುತ್ತಿರುವುದೂ ಗೊತ್ತು. ನನ್ನನ್ನು ಕಾಡುವುದು ಚರಂಡಿಯ ಅಂಚಿನಲ್ಲಿ ನಿಂತ ಮಗು ತನ್ನೊಳಗೇ ಮಾಡಿಕೊಳ್ಳುವ ತೀರ್ಮಾನ. ಲೋಕ ಎನ್ನುವುದು ಆ ಬಸ್ಸಿನ ಒಳಗಿದೆ, ತಾನು ಹೊರಗಿದ್ದೇನೆ ಎಂದು ಅದು ತಿಳಿದುಬಿಡುತ್ತದೆ. ಮುಂದೆ ಎಷ್ಟು ಅಂಕ ತೆಗೆದರೂ ಆ ತಿಳಿವಳಿಕೆ ಮಾಯುವುದಿಲ್ಲ.

ಅದೇ ಮಗುವಿನ ಒಂದು ದಿನವನ್ನು ನೋಡಿ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡಿ ಹೊರಡುತ್ತದೆ. ದಾರಿಯಲ್ಲಿ ಗೆಳತಿಯ ಭಾಷೆಗೆ ಹೊರಳುತ್ತದೆ. ಶಾಲೆಯ ಅಂಗಳದಲ್ಲಿ ಕನ್ನಡ, ಪಾಠದಲ್ಲಿ ಇಂಗ್ಲಿಷ್ ಮತ್ತು ಹಿಂದಿ. ಒಂಬತ್ತೂವರೆ ಗಂಟೆಯೊಳಗೆ ಮೂರು ಭಾಷೆಗಳ ಗಡಿ ದಾಟಿ ಬಂದ ಮಗುವಿಗೆ ಪರಭಾಷೆಯ ಭಯ ಎಂಬುದಿಲ್ಲ. ಜಾಂಬೂರಿಯಲ್ಲಿ ನಾನು ಕಂಡದ್ದೂ ಅದನ್ನೇ. ದೊಡ್ಡವರು ನಾವು ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಾಗ ಈ ಮಕ್ಕಳು ಅತಿಥಿಗಳ ಜೊತೆ ಕೈಸನ್ನೆ, ಅರ್ಧ ಪದ, ನಗು ಎಲ್ಲ ಬೆರೆಸಿ ಮಾತು ಮುಗಿಸಿಯೇ ಆಗಿತ್ತು.

ಸ್ಕೌಟ್ ಚಳವಳಿಯ ಕಥೆಯಲ್ಲೂ ಹೊರಗೆ ನಿಂತ ಮಕ್ಕಳಿದ್ದಾರೆ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಮೊದಲ ಶಿಬಿರ ನಡೆಸಿದಾಗ ಅಲ್ಲಿದ್ದವರು ಇಪ್ಪತ್ತು ಚಿಲ್ಲರೆ ಹುಡುಗರು. ಸಿರಿವಂತರ ಶಾಲೆಗಳ ಮಕ್ಕಳನ್ನೂ ಕೂಲಿಯವರ ಮಕ್ಕಳನ್ನೂ ಬೇಕೆಂದೇ ಒಂದೇ ಡೇರೆಯಲ್ಲಿ ಮಲಗಿಸಿದ್ದರು. ಅಂಥ ಯೋಚನೆ ಎರಡೇ ವರ್ಷಗಳಲ್ಲಿ ನಮ್ಮಲ್ಲಿಗೂ ಬಂತು. 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ದೇಶದ ಮೊದಲ ದಳ ಶುರುವಾಯಿತು. ಆದರೆ ಅದು ಬ್ರಿಟಿಷರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಈ ನೆಲದ ಹುಡುಗರಿಗೆ ಬಾಗಿಲು ಮುಚ್ಚಿತ್ತು. ಆಗ ಬಾಗಿಲು ಬಡಿಯುತ್ತ ಕೂರದೆ ಬೇರೆ ಮನೆಯನ್ನೇ ಕಟ್ಟಿದವರಿದ್ದಾರೆ. 1917ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಅರುಂಡೇಲ್ ಭಾರತೀಯ ಹುಡುಗರಿಗಾಗಿಯೇ ಸಂಘ ಕಟ್ಟಿದರು. ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಹೆಸರಿನಲ್ಲಿ ಅದೇ ಕೆಲಸ ಮಾಡಿದರು. ಆ ಬೇರೆ ಬೇರೆ ಮನೆಗಳೆಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಗಲು 1950ರ ನವೆಂಬರ್ 7ರವರೆಗೆ ಕಾಯಬೇಕಾಯಿತು. ಗೈಡ್‌ಗಳು ಸೇರಿಕೊಂಡದ್ದು ಮರುವರ್ಷದ ಸ್ವಾತಂತ್ರ್ಯ ದಿನದಂದು.

ಹುಡುಗಿಯರ ಕಥೆಯಂತೂ ನನಗೆ ಬಹಳ ಪ್ರೀತಿಯದು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹುಡುಗರ ದೊಡ್ಡ ಮೇಳ. ಕರೆಯದಿದ್ದರೂ ಕೆಲವು ಹುಡುಗಿಯರು ಸಮವಸ್ತ್ರ ತೊಟ್ಟು ಬಂದು, ನಾವೂ ಸ್ಕೌಟುಗಳೇ ಎಂದು ಸಾಲಿನಲ್ಲಿ ನಿಂತರು. ಅವರನ್ನು ವಾಪಸ್ ಕಳಿಸಲಾಗದೆ ಮರುವರ್ಷ ಗೈಡ್ ಸಂಸ್ಥೆ ಹುಟ್ಟಿತು. ‘ಗೈಡ್’ ಎಂಬ ಹೆಸರು ಕೂಡ ಹೋದದ್ದು ನಮ್ಮ ಕಡೆಯಿಂದಲೇ, ಅಂದಿನ ಭಾರತದ ವಾಯವ್ಯ ಗಡಿಯಲ್ಲಿದ್ದ ಗೈಡ್ಸ್ ಎಂಬ ಪಡೆಯ ಹೆಸರದು. ಇದನ್ನು ಹೇಳಿದಾಗಲೆಲ್ಲ ನನ್ನ ಹುಡುಗಿಯರ ಬೆನ್ನು ನೆಟ್ಟಗಾಗುವುದನ್ನು ಕಂಡಿದ್ದೇನೆ.

ಎಡಗೈ ಕುಲುಕುವ ಪದ್ಧತಿಯನ್ನೂ ಅವರು ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಸ್ಕೌಟುಗಳು ಪರಸ್ಪರ ಎಡಗೈ ಕೊಡುತ್ತಾರೆ, ಹೃದಯಕ್ಕೆ ಹತ್ತಿರದ ಕೈ ಎಂದು. ಎಡಗೈಯಲ್ಲಿ ಕೊಡಬೇಡ ಎಂದು ಅಜ್ಜಿಯಿಂದ ಬೈಸಿಕೊಂಡು ಬೆಳೆದ ಮಗುವಿಗೆ ಅದು ಮೊದಮೊದಲು ಕಸಿವಿಸಿ. ಒಬ್ಬಳು ಬಹಳ ಯೋಚಿಸಿ, ಹಾಗಾದರೆ ಎಡಗೈಯಲ್ಲಿ ಕುಲುಕುವುದು, ಬಲಗೈಯಲ್ಲಿ ಕೊಡುವುದು ಎಂದು ಇತ್ಯರ್ಥ ಮಾಡಿಕೊಂಡಳು. ಅವಳ ತೀರ್ಪು ನನಗೂ ಒಪ್ಪಿಗೆಯಾಯಿತು.

ಫೆಬ್ರವರಿ 22ನ್ನು ನಾವು ವಿಶ್ವ ಚಿಂತನಾ ದಿನ ಎಂದು ಆಚರಿಸುತ್ತೇವೆ. ಬೇಡನ್ ಪೊವೆಲ್ ಮತ್ತು ಅವರ ಹೆಂಡತಿ ಓಲೇವ್, ಇಬ್ಬರೂ ಹುಟ್ಟಿದ ದಿನ ಅದು. 1926ರಿಂದ ನಡೆದುಬಂದ ಆಚರಣೆ. 1932ರಲ್ಲಿ ಪೋಲೆಂಡಿನಲ್ಲಿ ಸೇರಿದ ಸಭೆಯಲ್ಲಿ ಬೆಲ್ಜಿಯಂ ದೇಶದ ಪ್ರತಿನಿಧಿಯೊಬ್ಬಳು, ಹುಟ್ಟುಹಬ್ಬ ಅಂದಮೇಲೆ ಉಡುಗೊರೆ ಬೇಡವೇ ಎಂದು ಕೇಳಿದಳಂತೆ. ಅಂದಿನಿಂದ ಲೋಕದ ಗೈಡ್‌ಗಳೆಲ್ಲ ಆ ದಿನ ಒಂದೊಂದು ನಾಣ್ಯ ಕೂಡಿಸಿ, ತಾವು ಕಾಣದ ಯಾವುದೋ ದೇಶದ ಹುಡುಗಿಯರಿಗೆ ಕಳಿಸುವ ಕ್ರಮ ಬಂತು.

ಅದೇ ಫೆಬ್ರವರಿ 22ರಂದು, 1874ರಲ್ಲಿ, ನಮ್ಮ ಬಂಟ್ವಾಳದಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದರು. ಹಾಗಾಗಿ ನನ್ನ ಶಾಲೆಯಲ್ಲಿ ಆ ದಿನ ಮೂರು ಹುಟ್ಟುಹಬ್ಬ. ಪಂಜೆಯವರು ಬಡತನದಿಂದ ಬಂದು ಶಿಕ್ಷಕರಾಗಿ, ಶಾಲೆಗಳ ಇನ್ಸ್‌ಪೆಕ್ಟರ್ ಆಗಿ, ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು. ಕನ್ನಡದ ಮಕ್ಕಳಿಗೆ ಹಾಡಲು ತಕ್ಕ ಪುಸ್ತಕಗಳೇ ಇಲ್ಲದಿದ್ದ ಕಾಲದಲ್ಲಿ 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಇಂಗ್ಲಿಷಿನ ಶಿಶುಗೀತೆ, ಕಥೆಗಳನ್ನು ಓದಿ, ಅವುಗಳ ಸತ್ವವನ್ನು ಈ ಮಣ್ಣಿನ ಕೋಳಿ, ಹಾವು, ಸಂತೆ, ಸಮುದ್ರಗಳೊಳಗೆ ಇಳಿಸಿದರು. ಮಗು ಹಾಡುವಾಗ ಇದು ಎಲ್ಲಿಂದ ಬಂತೆಂದು ಕೇಳುವುದೇ ಇಲ್ಲ, ತನ್ನದೆಂದೇ ಹಾಡುತ್ತದೆ. ಹೊರಗಿನದನ್ನು ಕರೆದು ಮನೆಯದನ್ನಾಗಿ ಮಾಡಿಕೊಳ್ಳುವುದು ಹೇಗೆಂದು ಅವರು ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟರು. ನಮ್ಮಲ್ಲಿ ಇನ್ನೂ ಅರ್ಧ ಕೆಲಸ ಬಾಕಿ ಇದೆ. ಮನೆಯದನ್ನು ಹೊರಗಿನವರ ಕೈಗೆ ಕೊಡುವುದನ್ನು ನಾವು ಮಕ್ಕಳಿಗೆ ಕಲಿಸಿಲ್ಲ.

2023ರ ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಸೆಮಂಗಮ್ ಎಂಬಲ್ಲಿ ವಿಶ್ವ ಜಾಂಬೂರಿ ನಡೆಯಿತು. ಸುಮಾರು 43 ಸಾವಿರ ಮಕ್ಕಳು. ಸಮುದ್ರವನ್ನು ಹಿಂದೆ ಸರಿಸಿ ಪಡೆದ ಬಟಾಬಯಲು, ನೆರಳಿಗೆ ಮರವಿಲ್ಲ. ಸೆಕೆ ತಾಳಲಾರದೆ ನೂರಾರು ಮಕ್ಕಳು ಕಾಯಿಲೆ ಬಿದ್ದರು, ಬ್ರಿಟನ್ ಮತ್ತು ಅಮೆರಿಕದ ತಂಡಗಳು ಅರ್ಧದಲ್ಲೇ ಶಿಬಿರ ಬಿಟ್ಟವು. ಕೊನೆಗೆ ಚಂಡಮಾರುತದ ಮುನ್ಸೂಚನೆ ಬಂದು ಇಡೀ ಬಯಲನ್ನೇ ತೆರವು ಮಾಡಬೇಕಾಯಿತು. ಸುದ್ದಿ ಓದುವಾಗ ನನಗೆ ಅಲ್ಲಿನ ಗೈಡ್ ಕ್ಯಾಪ್ಟನ್‌ಗಳದ್ದೇ ಚಿಂತೆ, ಎಷ್ಟು ರಾತ್ರಿ ನಿದ್ದೆಗೆಟ್ಟಿರಬಹುದು ಎಂದು. ಆದರೆ ಆಮೇಲೆ ಆದದ್ದನ್ನು ಹೆಚ್ಚು ಜನ ಗಮನಿಸಲಿಲ್ಲ. ಆ ಮಕ್ಕಳನ್ನು ದೇಶದ ನಾನಾ ಊರುಗಳಿಗೆ ಹಂಚಿ, ವಿಶ್ವವಿದ್ಯಾಲಯಗಳ ಹಾಸ್ಟೆಲುಗಳಲ್ಲಿ, ತರಬೇತಿ ಕೇಂದ್ರಗಳಲ್ಲಿ ಇಟ್ಟುಕೊಂಡರು. ದೊಡ್ಡ ಬಯಲು ಕೈಬಿಟ್ಟಾಗ ಸಣ್ಣ ಸಣ್ಣ ಸೂರುಗಳು ಹಿಡಿದುಕೊಂಡವು.

ಮೂಡುಬಿದಿರೆಯ ಮುಂದಿನ ಜಾಂಬೂರಿ ಹೇಗಿರಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಆ ಸಣ್ಣ ಸೂರುಗಳ ಬಗ್ಗೆಯೇ. ಬ್ರೌನ್‌ಸೀಯಲ್ಲಿದ್ದಷ್ಟೇ ಅತಿಥಿ ಮಕ್ಕಳು ಸಾಕು. ಹೊರದೇಶದ ಇಪ್ಪತ್ತು, ನಮ್ಮ ಇಪ್ಪತ್ತು, ಮೂರು ತಾಲೂಕುಗಳಲ್ಲಿ ಮೂರು ವಾರ. ಮಲಗುವುದು ನಮ್ಮ ಮಕ್ಕಳ ಮನೆಯಲ್ಲೇ. ಬೀಡಿ ಕಟ್ಟುವ ಅಮ್ಮನ ಮನೆಯಲ್ಲಿ ಒಬ್ಬಳು, ಅಡಿಕೆ ತೋಟದ ಮನೆಯಲ್ಲಿ ಒಬ್ಬಳು, ಪಾಣೆಮಂಗಳೂರಿನ ಬ್ಯಾರಿ ಮನೆಯಲ್ಲಿ ಒಬ್ಬಳು. ಪುಣೆಯಲ್ಲಿ 1966ರಿಂದ ‘ಸಂಗಮ್’ ಎಂಬ ಗೈಡ್‌ಗಳ ವಿಶ್ವಕೇಂದ್ರವಿದೆ, ಅಲ್ಲಿ ಲೋಕದ ಹುಡುಗಿಯರು ಬಂದು ಒಟ್ಟಿಗೆ ಬಾಳುತ್ತಾರೆ. ಅದಕ್ಕಿಂತಲೂ ಸಣ್ಣದಾದ, ಅಂಗಳದಷ್ಟೇ ಅಗಲದ ಒಂದು ಸಂಗಮ ನನ್ನ ಮನಸ್ಸಿನಲ್ಲಿರುವುದು.

ಮೊದಲ ವಾರ ಮೂಡುಬಿದಿರೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಅತಿಥಿಗಳನ್ನು ಕರೆದೊಯ್ಯುವುದು ಗೈಡ್ ಪುಸ್ತಕ ಹಿಡಿದ ದೊಡ್ಡವರಲ್ಲ, ನಮ್ಮ ಎಂಟನೇ ತರಗತಿಯವಳು. ಕಂಬಗಳನ್ನೆಲ್ಲ ತೋರಿಸಬೇಕೆಂದಿಲ್ಲ. ಭೈರಾದೇವಿ ಮಂಟಪದ ತಳಪಾಯದ ಹತ್ತಿರ ಮಂಡಿಯೂರಿ ಕೂತು, ಕಲ್ಲಿನಲ್ಲಿ ಕೆತ್ತಿದ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ತೋರಿಸಿದರೆ ಸಾಕು. ಆಫ್ರಿಕಾದ ಪ್ರಾಣಿ, ಚೀನಾದ ಪ್ರಾಣಿ ಎರಡೂ ಕರಾವಳಿಯ ವ್ಯಾಪಾರದ ಜೊತೆಗೆ ಸುದ್ದಿಯಾಗಿ ಬಂದು ಈ ಊರಿನ ಶಿಲ್ಪಿಯ ಉಳಿಗೆ ಸಿಕ್ಕಿರಬೇಕು. ಮನೆಯಿಂದ ಎಷ್ಟೋ ಸಾವಿರ ಮೈಲಿ ದೂರ ಬಂದ ಮಗು ಆ ಡ್ರ್ಯಾಗನ್ನಿನ ಮೇಲೆ ಬೆರಳಾಡಿಸುವುದನ್ನು ನಾನು ಎಷ್ಟೋ ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ. ನಾನೊಬ್ಬಳೇ ಬಂದದ್ದಲ್ಲ, ನನಗಿಂತ ಮೊದಲೂ ಬಂದವರಿದ್ದಾರೆ ಎಂದು ಅದಕ್ಕೆ ಅನಿಸದೆ ಇರಲಾರದು.

ಎರಡನೇ ವಾರ ಬೆಳ್ತಂಗಡಿ. ಗಡಾಯಿಕಲ್ಲು ಹತ್ತಬಹುದು, ವೇಣೂರಿನ ಬಾಹುಬಲಿಯ ಮುಂದೆ ನಿಲ್ಲಬಹುದು. ಆದರೆ ಹೆಚ್ಚು ಹೊತ್ತು ಕಳೆಯಬೇಕಾದದ್ದು ಚಾರ್ಮಾಡಿ, ದಿಡುಪೆಯ ಕಡೆ, ಹೊಳೆಯ ಬದಿಯಲ್ಲಿ. 2019ರ ಆಗಸ್ಟ್ 9ರಂದು ಘಟ್ಟದಿಂದ ಮಣ್ಣು, ಮರ, ಬಂಡೆ ಸಮೇತ ನೀರು ಇಳಿದು ಅಲ್ಲಿನ ಸೇತುವೆ, ತೋಟ, ಮನೆಗಳ ಮೇಲೆ ಹರಿಯಿತು. ಅಡಿಕೆ ಮರಗಳ ಬುಡ ಮರಳಿನಲ್ಲಿ ಹೂತುಹೋಗಿ ತಲೆ ಮಾತ್ರ ಕಾಣುತ್ತಿದ್ದ ತೋಟಗಳನ್ನು ನಾನು ನೋಡಿದ್ದೇನೆ. ಒಬ್ಬ ಹಿರಿಯರು ತಮ್ಮ ತೋಟವಿದ್ದ ಜಾಗಕ್ಕೆ ಕೈ ತೋರಿಸಿದರು, ಅಲ್ಲಿ ಹೊಳೆ ಹರಿಯುತ್ತಿತ್ತು. ಅಂಥವರ ಜಗಲಿಯಲ್ಲಿ ಕೂತು ಎರಡೂ ಕಡೆಯ ಮಕ್ಕಳು ಕೇಳಿಸಿಕೊಳ್ಳಬೇಕು. ಆ ದಿನ ಯಾರು ಯಾರನ್ನು ಎತ್ತಿಕೊಂಡು ಓಡಿದರು, ಹಗ್ಗ ಎಲ್ಲಿಂದ ಬಂತು, ಯಾವ ಮನೆಯಲ್ಲಿ ಗಂಜಿ ಬೇಯಿಸಿದರು ಎಂದು. ಕ್ಲೋವ್ ಹಿಚ್ ಗಂಟನ್ನು ಮೈದಾನದಲ್ಲಿ ಕಲಿಸುವುದಕ್ಕೂ, ಅದೇ ಗಂಟಿಗೆ ಜೋತು ಹೊಳೆ ದಾಟಿದವರ ಎದುರು ಕಲಿಸುವುದಕ್ಕೂ ಅಂತರವಿದೆ.

ಅಲ್ಲಿಂದ ನೇತ್ರಾವತಿಯ ಜೊತೆಗೇ ಕೆಳಗಿಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಕೂಡುವುದನ್ನು ಕಂಡು, ಮೂರನೇ ವಾರಕ್ಕೆ ಬಂಟ್ವಾಳ. ಇಲ್ಲಿನ ಹಳೆಯ ಮನೆಗಳಲ್ಲಿ 1923ರ ‘ಮಾರಿಬೊಳ್ಳ’ ಎಂಬ ಮಹಾನೆರೆಯ ಮಾತು ಇನ್ನೂ ಜೀವಂತ. 1974ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಗೆ ಕೈಯಿಟ್ಟು ತೋರಿಸುವವರೂ ಇದ್ದಾರೆ. ಬಂದ ಮಕ್ಕಳಲ್ಲಿ ಬಾಂಗ್ಲಾದೇಶದವಳೊಬ್ಬಳಿದ್ದರೆ ಅವಳಿಗೂ ಹೇಳಲು ಬಹಳ ಇರುತ್ತದೆ. 1970ರ ಭೀಕರ ಚಂಡಮಾರುತದ ತರುವಾಯ, 1972ರಲ್ಲಿ ಆ ದೇಶ ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರ ಪಡೆ ಕಟ್ಟಿತು. ಮೆಗಾಫೋನ್ ಹಿಡಿದು ಮನೆಮನೆಗೆ ಹೋಗಿ ಜನರನ್ನು ಎಬ್ಬಿಸುವ ಕೆಲಸ ಅವರದ್ದು. ಆ ವಿದ್ಯೆ ನಮಗೆ ಬೇಕು. ನಮ್ಮ ಅಜ್ಜಂದಿರ ನೀರಿನ ಗುರುತು ಅವರಿಗೆ ಬೇಕಾಗಬಹುದು. ಮುಂದಿನ ಐವತ್ತು ವರ್ಷ ಮಳೆ ಸೆಕೆಗಳು ಹೇಗಿರುತ್ತವೋ, ಅದನ್ನು ಅನುಭವಿಸಬೇಕಾದವರು ಈ ಮಕ್ಕಳೇ. ಒಬ್ಬರ ವಿಳಾಸ ಇನ್ನೊಬ್ಬರ ಡೈರಿಯಲ್ಲಿದ್ದರೆ ಒಳ್ಳೆಯದು.

ಇದಕ್ಕೆಲ್ಲ ದುಡ್ಡು ಎಲ್ಲಿಂದ, ಅನುಮತಿ ಯಾರದು, ಜವಾಬ್ದಾರಿ ಯಾರು ಹೊರುತ್ತಾರೆ ಎಂದು ಕೇಳುವವರು ಕೇಳಲೇಬೇಕು. ಹೆಣ್ಣುಮಕ್ಕಳನ್ನು ಮನೆಗಳಲ್ಲಿ ಉಳಿಸುವುದು ಸಣ್ಣ ಹೊಣೆಯಲ್ಲ ಎಂದು ತಾಯಂದಿರ ಸಭೆಯಲ್ಲಿ ಒಬ್ಬರು ನನಗೇ ಹೇಳಿದರು, ಅವರ ಮಾತು ಸರಿ. ಆದರೆ ಮುಚ್ಚುವ ಹಂತಕ್ಕೆ ಬಂದಿದ್ದ ಬಂಟ್ವಾಳ ತಾಲೂಕಿನ ದಡ್ಡಲಕಾಡು ಸರಕಾರಿ ಶಾಲೆಯನ್ನು ಊರಿನ ಯುವಕರು ಕೈಹಿಡಿದು ಎತ್ತಿ ನಿಲ್ಲಿಸಿದ್ದನ್ನೂ ನಾವು ಕಂಡಿದ್ದೇವೆ. ಐವತ್ತು ಸಾವಿರ ಮಕ್ಕಳಿಗೆ ಒಂದು ವಾರ ಅನ್ನ ಹಾಕಿದ ನೆಲ ಇದು. ಇಪ್ಪತ್ತು ಮಕ್ಕಳಿಗೆ ಚಾಪೆ ಹಾಸಲಾರದೆ?

ಅಷ್ಟಾಗುವವರೆಗೆ ನನ್ನ ಕೈಯಲ್ಲಿ ಆಗುವುದನ್ನು ಶುರುಮಾಡಿದ್ದೇನೆ. ಬಿ.ಸಿ. ರೋಡಿನ ಅಂಗಡಿಯಿಂದ ಬಟ್ಟೆ ತಂದೆ. ಶನಿವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಹುಡುಗಿಯರು ಕೂತು ಹೊಲಿಯುತ್ತಾರೆ. ಪ್ರತಿಯೊಬ್ಬಳಿಗೂ ಒಂದು ಚೌಕ ತುಂಡು. ಅದನ್ನು ಮೂಲೆಯಿಂದ ಮೂಲೆಗೆ ಮಡಚಿ, ಗೆರೆ ಒತ್ತಿ, ಕತ್ತರಿ ಆಡಿಸಿದರೆ ಎರಡು ತ್ರಿಕೋನ. ಅಂಚು ಮಡಚಿ ಹೊಲಿದರೆ ಎರಡು ಸ್ಕಾರ್ಫು. ಇವು ಸ್ಟಾಕ್ ಬುಕ್ಕಿಗೆ ಹೋಗುವುದಿಲ್ಲ. ಒಂದು ಕುತ್ತಿಗೆಗೆ. ಇನ್ನೊಂದರ ಮೂಲೆಯಲ್ಲಿ ತನಗೆ ಬೇಕಾದದ್ದನ್ನು ನೂಲಿನಲ್ಲಿ ತೆಗೆದು, ಮಡಚಿ, ಚೀಲದಲ್ಲಿ ಇಟ್ಟುಕೊಳ್ಳುವುದು. ಒಬ್ಬಳು ದೋಣಿ ತೆಗೆದಿದ್ದಾಳೆ, ಒಬ್ಬಳು ಅಡಿಕೆ ಮರ, ಒಬ್ಬಳು ತನ್ನ ಮನೆಯ ಕರುವಿನ ಮುಖ.

ಜಾಂಬೂರಿಯ ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಹೋದ ಶನಿವಾರ ಬಂದು ಚಿಕ್ಕವರಿಗೆ ಹೊಲಿಗೆ ಹೇಳಿಕೊಟ್ಟಳು. ತನಗೂ ಒಂದು ತುಂಡು ಕೇಳಿ ಪಡೆದು, ಮೂಲೆಯಲ್ಲಿ ಹಸಿರು ನೂಲಿನಿಂದ ಒಂದು ಪೀಪಿ ತೆಗೆದಳು.